ಡಾಕ್ಟರ್ ಚೀಟಿ ಇದ್ದರೆ ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಹಾಕಿಸಬಹುದೇ?

ಪ್ರಶ್ನೆ: ನಮ್ಮದು ಮಂಡ್ಯ. ತಾಯಿಗೆ ಲೂಪಸ್ ಕಾಯಿಲೆ ಇದೆ. ಬಿಸಿಲು ತಾಗಿದರೆ ಕೆನ್ನೆ, ಮುಂಗೈ ಮೇಲೆ ದದ್ದು ಏಳುತ್ತದೆ, ಅದರ ಹಿಂದೆಯೇ ಕೀಲುನೋವು ಶುರುವಾಗುತ್ತದೆ. ತಿಂಗಳಿಗೊಮ್ಮೆ ಮೈಸೂರಿನ ಆಸ್ಪತ್ರೆಗೆ ನಮ್ಮ ಕಾರಿನಲ್ಲೇ ಕರೆದುಕೊಂಡು ಹೋಗುತ್ತೇವೆ. ಚರ್ಮದ ಡಾಕ್ಟರು ‘ಬಿಸಿಲು ಬೀಳಬಾರದು’ ಎಂದು ಬರೆದುಕೊಟ್ಟಿದ್ದರಿಂದ ನಾಲ್ಕೂ ಬಾಗಿಲಿಗೆ, ಹಿಂದಿನ ಗಾಜಿಗೆ ಕಪ್ಪು ಫಿಲ್ಮ್ ಹಾಕಿಸಿದೆವು. ದಾರಿಯಲ್ಲಿ ಪೊಲೀಸರು ತಡೆದು ದಂಡ ಹಾಕಿ, ಫಿಲ್ಮ್ ಕಿತ್ತುಹಾಕಿ ಎಂದರು. ಚೀಟಿ ತೋರಿಸಿದರೂ ಒಪ್ಪಲಿಲ್ಲ. ನ್ಯೂಯಾರ್ಕಿನಲ್ಲಿರುವ ಸಂಬಂಧಿಕರು ಅಲ್ಲಿ ಇಂಥವರಿಗೆ ವಿನಾಯಿತಿ ಕೊಡುತ್ತಾರೆ ಎನ್ನುತ್ತಾರೆ. ಇಲ್ಲಿ ಆರ್‌ಟಿಒಗೆ ಯಾವ ಅರ್ಜಿ ಹಾಕಬೇಕು?

ಉತ್ತರ: ಅಂಥ ಅರ್ಜಿಯೇ ಇಲ್ಲ. ಮಂಡ್ಯದ ಕೆಎ-11 ಕಚೇರಿಯಲ್ಲಾಗಲಿ, ಮೈಸೂರಿನ ಕೆಎ-09, ಕೆಎ-55 ಕಚೇರಿಗಳಲ್ಲಾಗಲಿ ಕಾಯಿಲೆಯ ಕಾರಣಕ್ಕೆ ಕಪ್ಪು ಗಾಜಿಗೆ ಅನುಮತಿ ಕೊಡುವ ವ್ಯವಸ್ಥೆ ಇಲ್ಲ. ‘ಪರ್ಮಿಷನ್ ಲೆಟರ್ ಮಾಡಿಸಿಕೊಡುತ್ತೇನೆ’ ಎಂದು ಯಾರಾದರೂ ಏಜೆಂಟ್ ದುಡ್ಡು ಕೇಳಿದರೆ ಕೊಡಬೇಡಿ. ಆದರೆ ನಿಮ್ಮ ತಾಯಿಯ ತೊಂದರೆಗೆ ಕಾನೂನಿನ ಒಳಗೇ ದಾರಿಯಿದೆ. ಅವರ ಚರ್ಮವನ್ನು ಕೆರಳಿಸುತ್ತಿರುವುದು ಮುಖ್ಯವಾಗಿ ಕಣ್ಣಿಗೆ ಕಾಣದ ನೇರಳಾತೀತ ಕಿರಣ, ಅಂದರೆ ಯುವಿ. ಕಾನೂನು ಅಳೆಯುವುದು ಕಣ್ಣಿಗೆ ಕಾಣುವ ಬೆಳಕನ್ನು. ಯುವಿಯನ್ನು ತಡೆಯಲು ಗಾಜು ಕಪ್ಪಾಗಿರಬೇಕಾಗಿಲ್ಲ.

ಮೊದಲು ಕಾನೂನು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 100ನೇ ನಿಯಮದ ಪ್ರಕಾರ ಮುಂದಿನ ವಿಂಡ್‌ಸ್ಕ್ರೀನ್ ಮತ್ತು ಹಿಂದಿನ ಗಾಜು ಕನಿಷ್ಠ ಶೇ 70ರಷ್ಟು, ಪಕ್ಕದ ಗಾಜುಗಳು ಕನಿಷ್ಠ ಶೇ 50ರಷ್ಟು ಬೆಳಕನ್ನು ಒಳಗೆ ಬಿಡಬೇಕು. ಹಿಂದಿನ ಗಾಜಿಗೂ 50 ಸಾಕು ಎಂದುಕೊಂಡವರು ಬಹಳ ಜನ. ಅದಕ್ಕೂ 70 ಬೇಕು. ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 27ರಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಎಷ್ಟೇ ಬೆಳಕು ಬಿಡುವ ಕಪ್ಪು ಫಿಲ್ಮ್ ಆಗಲಿ, ಬೇರೆ ಯಾವುದೇ ವಸ್ತುವಾಗಲಿ ಗಾಜಿನ ಮೇಲೆ ಇರಬಾರದು, ಪೊಲೀಸರು ದಂಡ ಹಾಕುವುದಷ್ಟೇ ಅಲ್ಲ, ಫಿಲ್ಮನ್ನು ತೆಗೆಸಲೂ ಬೇಕು ಎಂದು ಹೇಳಿತು. ಆ ವರ್ಷದ ಮೇ 4ರಿಂದ ಆದೇಶ ಜಾರಿಗೆ ಬಂತು. ಆಗಸ್ಟ್‌ನಲ್ಲಿ ಫಿಲ್ಮ್ ತಯಾರಕರು, ಮಾರಾಟಗಾರರು ಮತ್ತೆ ಕೋರ್ಟಿಗೆ ಹೋದರೂ ಫಲ ಸಿಗಲಿಲ್ಲ. ಆ ತೀರ್ಪಿನಲ್ಲಿ ವಿನಾಯಿತಿಗೆ ಜಾಗ ಬಿಟ್ಟಿರುವುದು ಝಡ್ ಮತ್ತು ಝಡ್ ಪ್ಲಸ್ ಭದ್ರತೆ ಇರುವ ಗಣ್ಯರ ಅಧಿಕೃತ ವಾಹನಗಳಿಗೆ, ಅದೂ ಸಮಿತಿಯೊಂದು ಪರಿಶೀಲಿಸಿದ ಮೇಲೆ. ರೋಗಿಗಳಿಗೆ ಜಾಗ ಬಿಟ್ಟಿಲ್ಲ. ಹಾಗಾಗಿ ನಿಮ್ಮ ಚೀಟಿಯನ್ನು ಒಪ್ಪದ ಪೊಲೀಸರು ತಪ್ಪು ಮಾಡಿಲ್ಲ. ದಂಡ ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ನಿನಡಿ ಬರುತ್ತದೆ: ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ದರೆ 1,500ರವರೆಗೆ.

ನಿಮ್ಮ ಸಂಬಂಧಿಕರು ಹೇಳಿದ್ದೂ ಸುಳ್ಳಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಗಾಜು ಶೇ 70ರಷ್ಟು ಬೆಳಕು ಬಿಡಬೇಕೆಂಬ ನಿಯಮವಿದ್ದರೂ ಎಂವಿ-80ಡಬ್ಲ್ಯು ಎಂಬ ಅರ್ಜಿಯಲ್ಲಿ ವೈದ್ಯರು ಸಹಿ ಹಾಕಿದರೆ ವಿನಾಯಿತಿ ಸಿಗುತ್ತದೆ. ಯಾವ ಕಾಯಿಲೆಗಳಿಗೆ ಎಂಬ ಪಟ್ಟಿಯೂ ಇದೆ. ಲೂಪಸ್, ಪೋರ್ಫಿರಿಯಾ, ಆಲ್ಬಿನಿಸಂ, ಝೆರೋಡರ್ಮಾ ಪಿಗ್ಮೆಂಟೋಸಂ, ಡರ್ಮಟೋಮಯೋಸೈಟಿಸ್, ಔಷಧದಿಂದ ಬರುವ ತೀವ್ರ ಬಿಸಿಲು ಅಲರ್ಜಿ, ಕಣ್ಣಿನ ಅಥವಾ ನರದ ಕಾಯಿಲೆಯಿಂದ ಬೆಳಕು ಸಹಿಸಲಾಗದ ಸ್ಥಿತಿ ಎಲ್ಲವೂ ಅದರಲ್ಲಿವೆ. ಆದರೆ ಅದು ಅಲ್ಲಿನ ರಾಜ್ಯದ ಕಾನೂನು, ಅಲ್ಲಿನ ನೋಂದಣಿಯ ಕಾರಿಗೆ. ಆ ಅರ್ಜಿಯ ನಕಲನ್ನು ಇಲ್ಲಿ ತೋರಿಸಿ ಪ್ರಯೋಜನವಿಲ್ಲ. ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡ್ ಕೂಡ ಇದಕ್ಕೆ ಆಗುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿರುವ 21 ಅಂಗವೈಕಲ್ಯಗಳಲ್ಲಿ ಲೂಪಸ್ ಇಲ್ಲ, ಇದ್ದಿದ್ದರೂ ಆ ಕಾಯ್ದೆ ಗಾಜಿನ ವಿಷಯಕ್ಕೆ ಕೈ ಹಾಕಿಲ್ಲ.

ಕಾಗದದ ಮೇಲೆ ಒಂದು ಕಿಂಡಿ ಇದೆ, ಅದನ್ನೂ ಹೇಳಿಬಿಡೋಣ. ಕಾಯ್ದೆಯ 110(3)ನೇ ಸೆಕ್ಷನ್ ಪ್ರಕಾರ ಯಾವುದೇ ವಾಹನವನ್ನು ಈ ಬಗೆಯ ನಿಯಮಗಳಿಂದ ಷರತ್ತಿನ ಮೇಲೆ ಬಿಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಅರ್ಜಿ ಹಾಕಲೇಬೇಕೆಂದಿದ್ದರೆ ಬೆಂಗಳೂರಿನಲ್ಲಿರುವ ಸಾರಿಗೆ ಇಲಾಖೆಯ ಕಾರ್ಯದರ್ಶಿಗೆ ಬರೆಯಿರಿ. ಆರ್‌ಟಿಒಗೆ ಈ ಅಧಿಕಾರವಿಲ್ಲ. ರೋಗನಿರ್ಣಯದ ದಾಖಲೆ, ಆರ್‌ಸಿ ಪ್ರತಿ, ರೋಗಿ ಕೂರುವ ಸೀಟು, ಯಾವ ಗಾಜಿಗೆ ಎಷ್ಟು ಶೇಕಡಾ ಬೇಕು ಎಂಬ ನಿಖರ ಬೇಡಿಕೆ ಇರಲಿ. ಹಿಂದಿನ ಎಡ ಬಾಗಿಲಿನ ಗಾಜೊಂದಕ್ಕೆ ಕೇಳುವುದಕ್ಕೂ ಇಡೀ ಕಾರಿಗೆ ಕೇಳುವುದಕ್ಕೂ ವ್ಯತ್ಯಾಸವಿದೆ. ಆದರೂ ಸರ್ಕಾರ ನಿಯಮದಿಂದ ಬಿಡಬಹುದೇ ಹೊರತು ಸುಪ್ರೀಂ ಕೋರ್ಟ್ ಆದೇಶದಿಂದ ಬಿಡಲಾರದು. ಈ ಅರ್ಜಿಯನ್ನು ನಂಬಿ ತಾಯಿಯ ರಕ್ಷಣೆಯನ್ನು ಮುಂದಕ್ಕೆ ಹಾಕಬೇಡಿ.

ಗಾಜು ಏನನ್ನು ತಡೆಯುತ್ತದೆ, ಏನನ್ನು ಬಿಡುತ್ತದೆ

ಬಿಸಿಲಿನ ಯುವಿಯಲ್ಲಿ ನಮಗೆ ಲೆಕ್ಕಕ್ಕೆ ಬರುವುದು ಎರಡು ಬಗೆ. ಚರ್ಮವನ್ನು ಸುಡುವ ಯುವಿಬಿಯನ್ನು ಯಾವ ಸಾದಾ ಗಾಜಾದರೂ ಬಹುಪಾಲು ತಡೆಯುತ್ತದೆ. 320ರಿಂದ 400 ನ್ಯಾನೊಮೀಟರ್‌ವರೆಗಿನ ತರಂಗಾಂತರದ ಯುವಿಎ ಗಾಜಿನ ಮೂಲಕ ನುಗ್ಗುತ್ತದೆ. ಲೂಪಸ್ ಎರಡಕ್ಕೂ ಕೆರಳುತ್ತದೆ. ಆದರೆ ಯುವಿಬಿ ಬಹುಪಾಲು ಗಾಜಿನಲ್ಲೇ ನಿಲ್ಲುವುದರಿಂದ ಕಾರಿನೊಳಗೆ ನಿಮ್ಮ ಜಗಳ ಯುವಿಎ ಜೊತೆಗೆ ಮಾತ್ರ.

ಮುಂದಿನ ವಿಂಡ್‌ಸ್ಕ್ರೀನ್ ಎರಡು ಗಾಜಿನ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ ಇಟ್ಟು ಮಾಡಿದ ಲ್ಯಾಮಿನೇಟೆಡ್ ಗಾಜು. ಆ ಪದರವೇ ಯುವಿಎಯನ್ನು ಹೀರಿಕೊಳ್ಳುತ್ತದೆ. ಬಾಗಿಲಿನ ಗಾಜು ಸಾಮಾನ್ಯವಾಗಿ ಒಂದೇ ಪದರದ ಟಫನ್ಡ್ ಗಾಜು, ಅದರಲ್ಲಿ ಈ ರಕ್ಷಣೆ ಇಲ್ಲ. 2016ರಲ್ಲಿ ಅಮೆರಿಕದಲ್ಲಿ 29 ಕಾರುಗಳನ್ನು ಅಳೆದು ಪ್ರಕಟಿಸಿದ ಅಧ್ಯಯನದಲ್ಲಿ ವಿಂಡ್‌ಸ್ಕ್ರೀನ್‌ಗಳು ಸರಾಸರಿ ಶೇ 96ರಷ್ಟು ಯುವಿಎ ತಡೆದವು. ಚಾಲಕನ ಪಕ್ಕದ ಗಾಜಿನ ಸರಾಸರಿ ಶೇ 71, ಆದರೆ ಕಾರಿನಿಂದ ಕಾರಿಗೆ 44ರಿಂದ 96ರವರೆಗೆ ಏರಿಳಿತ. ಕಾರು ದುಬಾರಿಯಾದರೆ ಗಾಜೂ ಒಳ್ಳೆಯದಿರುತ್ತದೆ ಎಂದು ನಂಬಿಕೊಳ್ಳುವ ಹಾಗಿಲ್ಲ, ನಿಮ್ಮದೇ ಗಾಜನ್ನು ಪರೀಕ್ಷಿಸಬೇಕು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಎರಡಿವೆ. ಬಿಸಿಲಿಗೆ ಬಂದರೆ ತಾನೇ ಕಪ್ಪಾಗುವ ಫೋಟೋಕ್ರೋಮಿಕ್ ಕನ್ನಡಕ ಯಾರ ಬಳಿಯಾದರೂ ಇದ್ದರೆ, ಗಾಜು ಏರಿಸಿ, ಪಕ್ಕದ ಗಾಜಿನಿಂದ ಬೀಳುವ ಬಿಸಿಲಿನಲ್ಲಿ ಎರಡು ನಿಮಿಷ ಹಿಡಿಯಿರಿ. ಆಮೇಲೆ ಅದನ್ನೇ ವಿಂಡ್‌ಸ್ಕ್ರೀನ್ ಹಿಂದೆ ಹಿಡಿಯಿರಿ. ಮುಂದೆ ಅಷ್ಟಾಗಿ ಕಪ್ಪಾಗದೆ ಪಕ್ಕದಲ್ಲಿ ಚೆನ್ನಾಗಿ ಕಪ್ಪಾದರೆ ನಿಮ್ಮ ಬಾಗಿಲಿನ ಗಾಜು ಯುವಿಎಯನ್ನು ಬಿಡುತ್ತಿದೆ ಎಂದರ್ಥ. ಎರಡನೆಯದು 365 ನ್ಯಾನೊಮೀಟರ್‌ನ ಯುವಿ ಟಾರ್ಚ್. ಕತ್ತಲಲ್ಲಿ ಗಾಜಿನ ಆಚೆಯಿಂದ ಟಾರ್ಚ್ ಬಿಟ್ಟು ಈಚೆ ನೋಟಿನ ನಂಬರಿನ ಜಾಗ ಹಿಡಿದು ನೋಡಿ. ನಂಬರು ಹೊಳೆದರೆ ಕಿರಣ ದಾಟಿದೆ. ಟಾರ್ಚನ್ನು ಯಾರ ಕಣ್ಣಿಗೂ ಬಿಡಬೇಡಿ. ಇದು 365ರ ಆಸುಪಾಸನ್ನು ಮಾತ್ರ ಹೇಳುತ್ತದೆ, 390ರ ಕಥೆ ಬೇರೆ ಇರಬಹುದು.

ಈಗ ನೀವು ಹಾಕಿಸಿದ ಕಪ್ಪು ಫಿಲ್ಮ್. ಬಣ್ಣ ಹಾಕಿದ ಅಗ್ಗದ ಫಿಲ್ಮ್ ಕಾಣುವ ಬೆಳಕನ್ನು ಶೇ 80ರಷ್ಟು ಕಡಿಮೆ ಮಾಡಿಯೂ ಯುವಿಎಯ ಒಂದಷ್ಟನ್ನು ಬಿಡಬಹುದು. ಯುವಿ ಹೀರುವ ರಾಸಾಯನಿಕ ಬೆರೆಸಿದ ಪಾರದರ್ಶಕ ಫಿಲ್ಮ್ ಬರಿಗಣ್ಣಿಗೆ ಇದೆಯೋ ಇಲ್ಲವೋ ಎನ್ನುವಂತಿದ್ದೂ ಶೇ 99 ತಡೆಯಬಹುದು. ಅಂಗಡಿಯಲ್ಲಿ ಬಿಸಿ ಬಲ್ಬಿನ ಮುಂದೆ ಫಿಲ್ಮ್ ಹಿಡಿದು ‘ಕೈ ಇಟ್ಟು ನೋಡಿ ಸಾರ್’ ಎನ್ನುತ್ತಾರಲ್ಲ, ಅದು ತೋರಿಸುವುದು ಶಾಖ ಎಷ್ಟು ಕಡಿಮೆಯಾಯಿತು ಎಂಬುದನ್ನು. ಯುವಿಗೂ ಆ ಬಲ್ಬಿಗೂ ಸಂಬಂಧವಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ನಿಮ್ಮ ‘ಶೇ 99’ ಎಷ್ಟು ನ್ಯಾನೊಮೀಟರ್‌ವರೆಗೆ? ಕೆಲವರು 380ಕ್ಕೆ ಲೆಕ್ಕ ನಿಲ್ಲಿಸುತ್ತಾರೆ. ನಿಮಗೆ ಬೇಕಿರುವುದು 400.

ಕಾನೂನಿನೊಳಗಿನ ದಾರಿಗಳು

ಎಲ್ಲಕ್ಕಿಂತ ಗಟ್ಟಿಯಾದದ್ದು ಗಾಜನ್ನೇ ಬದಲಿಸುವುದು. ಹಲವು ಮಾದರಿಗಳ ಮೇಲಿನ ವೇರಿಯಂಟ್‌ಗಳಲ್ಲಿ ಕಂಪನಿಯೇ ‘ಯುವಿ ಕಟ್’ ಗಾಜು ಕೊಡುತ್ತದೆ, ಕೆಲವದರಲ್ಲಿ ಬಾಗಿಲಿಗೂ ಲ್ಯಾಮಿನೇಟೆಡ್ ಗಾಜು ಇರುತ್ತದೆ. ನಿಮ್ಮ ಕಾರಿನ ಅದೇ ಬಾಡಿಯ ಮೇಲಿನ ವೇರಿಯಂಟಿಗೆ ಯಾವ ಗಾಜು ಬರುತ್ತದೆ ಎಂದು ಚಾಸಿಸ್ ನಂಬರ್ ಕೊಟ್ಟು ಸರ್ವಿಸ್ ಸೆಂಟರಿನಲ್ಲಿ ಪಾರ್ಟ್ ನಂಬರ್ ಸಮೇತ ಕೇಳಿ. ದಪ್ಪ ನೋಡಿಕೊಳ್ಳಿ. ಟಫನ್ಡ್ ಗಾಜು ಸಾಮಾನ್ಯವಾಗಿ 3ರಿಂದ 4 ಮಿಲಿಮೀಟರ್. ಲ್ಯಾಮಿನೇಟೆಡ್ ಗಾಜು ಅದಕ್ಕಿಂತ ದಪ್ಪವಿದ್ದರೆ ರಬ್ಬರ್ ಚಾನೆಲ್ಲಿನಲ್ಲಿ ಸಿಕ್ಕಿಕೊಂಡು ಪವರ್ ವಿಂಡೋ ಮೋಟಾರ್ ಹೆಣಗುತ್ತದೆ. ಹೊಸ ಗಾಜಿನ ಮೂಲೆಯಲ್ಲಿ ಐಎಸ್ 2553ರ ಐಎಸ್‌ಐ ಮುದ್ರೆ ಇರಲೇಬೇಕು. ಮುದ್ರೆಯ ಫೋಟೋ, ಬಿಲ್ಲು ಎರಡನ್ನೂ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ನಾಲ್ಕೂ ಗಾಜು ಬದಲಿಸುವ ಅಗತ್ಯವಿಲ್ಲ, ತಾಯಿ ಕೂರುವ ಬದಿಯ ಹಿಂದಿನ ಬಾಗಿಲಿನದು ಮೊದಲಾಗಲಿ. ಗಾಜಿನ ಮೇಲೆ ಏನನ್ನೂ ಅಂಟಿಸಿರದ ಕಾರಣ 2012ರ ಆದೇಶದ ಮಾತೇ ಇಲ್ಲಿ ಬರುವುದಿಲ್ಲ.

ಎರಡನೆಯದು ಪಾರದರ್ಶಕ ಯುವಿ ಫಿಲ್ಮ್. ಇದರಲ್ಲಿ ಕಾನೂನು ಸ್ವಲ್ಪ ಕಲಕಿದೆ. 100ನೇ ನಿಯಮಕ್ಕೆ ತಿದ್ದುಪಡಿಯಾಗಿ 2021ರ ಏಪ್ರಿಲ್ 1ರಿಂದ ‘ಸೇಫ್ಟಿ ಗ್ಲೇಝಿಂಗ್’ ಎಂಬುದೂ ಸೇರಿತು, ಒಳಮೈಗೆ ಪ್ಲಾಸ್ಟಿಕ್ ಪದರವಿರುವ ಗಾಜಿಗೂ ಅದರಲ್ಲಿ ಜಾಗವಿದೆ. ಇದನ್ನು ಆಧರಿಸಿ ಕೇರಳ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ, 70 ಮತ್ತು 50ರ ಮಿತಿಗಿಂತ ಕೆಳಗಿಳಿಯದ ಫಿಲ್ಮ್‌ಗೆ ದಂಡ ಹಾಕುವಂತಿಲ್ಲ ಎಂದಿತು. ಕರ್ನಾಟಕದಲ್ಲಿ ಆ ತೀರ್ಪನ್ನು ವಾದವಾಗಿ ಮುಂದಿಡಬಹುದು, ಇಲ್ಲಿನ ಪೊಲೀಸರು ಅದಕ್ಕೆ ಬದ್ಧರಲ್ಲ. ಅವರ ಕೈಯಲ್ಲಿರುವುದು ಸುಪ್ರೀಂ ಕೋರ್ಟ್ ಆದೇಶ. ಹಾಗಾಗಿ ದಂಡದ ಸಾಧ್ಯತೆ ಉಳಿದೇ ಇರುತ್ತದೆ ಎಂದು ತಿಳಿದುಕೊಂಡೇ ಈ ದಾರಿ ಹಿಡಿಯಿರಿ. ನಮ್ಮನ್ನು ಕೇಳಿದರೆ, ಗಾಜು ಬದಲಿಸಲು ಸಾಧ್ಯವಿರುವವರು ಫಿಲ್ಮ್ ಗೋಜಿಗೆ ಹೋಗಬಾರದು.

ಹೋಗುವುದೇ ಆದರೆ ಲೆಕ್ಕ ತಪ್ಪಬೇಡಿ. ಗಾಜಿನ ಶೇಕಡಾ, ಫಿಲ್ಮಿನ ಶೇಕಡಾ ಎರಡನ್ನೂ ಗುಣಿಸಬೇಕು. ಕಂಪನಿಯ ತಿಳಿಹಸಿರು ಗಾಜು 75 ಬಿಡುತ್ತದೆ ಎಂದಿಟ್ಟುಕೊಳ್ಳಿ, ಮೇಲೆ 70ರ ಫಿಲ್ಮ್ ಹಾಕಿದರೆ ಉಳಿಯುವುದು 52.5. ಪಾಸಾಗುತ್ತದೆ, ಆದರೆ ಗಾಜು ಧೂಳಾಗಿದ್ದರೆ ಮೀಟರಿನಲ್ಲಿ ಕೆಳಗೆ ಬೀಳುವಷ್ಟೇ ಅಂತರ. ಗಾಜು 72, ಫಿಲ್ಮ್ 65 ಆದರೆ 46.8, ಅಲ್ಲಿಗೆ ತಪ್ಪಾಯಿತು. ಅಂಗಡಿಯವರು ‘50ರ ಫಿಲ್ಮ್, ಲೀಗಲ್’ ಎಂದು ಮಾರುವುದರಲ್ಲಿ ಇರುವ ಮೋಸ ಇದೇ. 50ರ ಫಿಲ್ಮ್ ಯಾವ ಗಾಜಿನ ಮೇಲೆ ಕೂತರೂ 50ಕ್ಕಿಂತ ಕೆಳಗೇ ಇಳಿಯುತ್ತದೆ. ನೀವು 85ಕ್ಕಿಂತ ಮೇಲಿನದನ್ನೇ ಕೇಳಿ. ವಿಂಡ್‌ಸ್ಕ್ರೀನಿಗೆ ಮಾತ್ರ ಏನೂ ಹಾಕಿಸಬೇಡಿ. ಅಲ್ಲಿ ಯುವಿಎ ಆಗಲೇ ನಿಂತಿದೆ. 76 ಬಿಡುವ ಗಾಜಿಗೆ 90ರ ಫಿಲ್ಮ್ ಹಾಕಿದರೂ 68.4 ಆಗಿ 70ರ ಮಿತಿಗಿಂತ ಕೆಳಗಿಳಿಯುತ್ತದೆ. ಹಿಂದಿನ ಗಾಜಿಗೂ ಅದೇ ಲೆಕ್ಕ.

ಹಾಕಿಸಿದ ಮೇಲೆ ಬೆಳಕಿನ ಮೀಟರಿನಲ್ಲಿ ಅಳತೆ ಮಾಡಿಸಿ. ಖಾಲಿ ಗಾಳಿಯಲ್ಲಿ ಮೀಟರ್ 100 ತೋರಿಸಬೇಕು, ಗಾಜಿನ ಎರಡೂ ಮೈ ಒರೆಸಿರಬೇಕು, ಒಂದೇ ಗಾಜಿನ ಮೂರು ಕಡೆ ಅಳೆದು ಬರೆಸಿಕೊಳ್ಳಬೇಕು. ಮೊದಲ ಮೂರು ನಾಲ್ಕು ದಿನ ಗಾಜು ಇಳಿಸಬೇಡಿ. ಅಂಟು ಒಣಗದೆ ಇಳಿಸಿದರೆ ಮೇಲಂಚು ಸುರುಳಿ ಏಳುತ್ತದೆ.

ಪರದೆ, ರಬ್ಬರ್ ಬಿಲ್ಲೆಯಿಂದ ಗಾಜಿಗೆ ಕಚ್ಚಿಕೊಳ್ಳುವ ಜಾಲರಿಗಳ ಬಗ್ಗೆ ಚಿಕ್ಕದಾಗಿ ಹೇಳುವುದಾದರೆ: ಕೋರ್ಟ್ ಆದೇಶದ ‘ಬೇರೆ ಯಾವುದೇ ವಸ್ತು’ ಎಂಬ ಮಾತು ಇವಕ್ಕೂ ತಾಗಬಹುದು. 2021ರ ಜನವರಿಯಲ್ಲಿ ಕೇರಳದಲ್ಲಿ ‘ಆಪರೇಷನ್ ಸ್ಕ್ರೀನ್’ ಎಂದು ಕಾರಿನ ಪರದೆಗಳಿಗೂ ದಂಡ ಹಾಕಿದ್ದರು. ಮೇಲಾಗಿ ಒಂದೇ ಪದರದ ಜಾಲರಿಯ ತೂತುಗಳಲ್ಲಿ ಯುವಿ ಆರಾಮವಾಗಿ ಬರುತ್ತದೆ. ಕಾರು ನಿಲ್ಲಿಸಿದಾಗ ಹಾಕಿಕೊಳ್ಳಿ, ಓಡುವಾಗ ತೆಗೆಯಿರಿ.

ಮೈಮೇಲಿನ ರಕ್ಷಣೆ ಮತ್ತು ಸೀಟಿನ ಆಯ್ಕೆ

ಇಲ್ಲಿ ಯಾವ ಕಾನೂನೂ ಅಡ್ಡ ಬರುವುದಿಲ್ಲ, ಖರ್ಚೂ ಕಡಿಮೆ. ಯುಪಿಎಫ್ 50 ಎಂದು ಬರೆದ ಬಟ್ಟೆ ಯುವಿಯ ಐವತ್ತರಲ್ಲಿ ಒಂದು ಪಾಲನ್ನಷ್ಟೇ, ಅಂದರೆ ಶೇ 2ನ್ನು ಬಿಡುತ್ತದೆ. ತೆಳುವಾದ ಬಿಳಿ ಹತ್ತಿ ಬಟ್ಟೆಯ ಯುಪಿಎಫ್ ಸುಮಾರು 7, ಒದ್ದೆಯಾದರೆ ಇನ್ನೂ ಕಡಿಮೆ. ಆದ್ದರಿಂದ ಬಿಳಿ ವಾಯಲ್ ಸೀರೆಯ ಸೆರಗು ಹೊದ್ದರೆ ಸಾಲದು. ಒತ್ತಾಗಿ ನೇಯ್ದ ಗಾಢ ಬಣ್ಣದ ಶಾಲು, ಪೂರ್ತಿ ತೋಳು, ಕೈಗವಸು ಬೇಕು. ಸನ್‌ಸ್ಕ್ರೀನ್ ಎಸ್‌ಪಿಎಫ್ 50, ಪಿಎ ಮೂರು ಅಥವಾ ನಾಲ್ಕು ಪ್ಲಸ್ ಇರಲಿ. ಎಸ್‌ಪಿಎಫ್ ಹೆಚ್ಚಾಗಿ ಯುವಿಬಿಯ ಲೆಕ್ಕ, ಕಾರಿನೊಳಗೆ ಮುಖ್ಯವಾಗುವುದು ಯುವಿಎ ಲೆಕ್ಕ ಹೇಳುವ ಪಿಎ. ಪ್ರಮಾಣ: ತೋರುಬೆರಳು, ಮಧ್ಯದ ಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿದಷ್ಟು ಮುಖ, ಕುತ್ತಿಗೆಗೆ. ಹೊರಡುವ 20 ನಿಮಿಷ ಮುಂಚೆ ಒಮ್ಮೆ, ಎರಡು ಗಂಟೆಗೊಮ್ಮೆ ಮತ್ತೆ. ಬಟಾಣಿ ಕಾಳಿನಷ್ಟು ಹಚ್ಚಿಕೊಂಡು ‘ಕ್ರೀಂ ಕೆಲಸ ಮಾಡಲಿಲ್ಲ’ ಎನ್ನುವವರೇ ಹೆಚ್ಚು.

ಸೀಟಿನ ವಿಷಯಕ್ಕೆ ಯಾರೂ ಗಮನ ಕೊಡುವುದಿಲ್ಲ. ಮಂಡ್ಯದಿಂದ ಮೈಸೂರಿಗೆ ರಸ್ತೆ ಒಟ್ಟಾರೆ ನೈಋತ್ಯಕ್ಕೆ ಸಾಗುತ್ತದೆ. ಬೆಳಿಗ್ಗೆ ಹೊರಟರೆ ಪೂರ್ವದ ಬಿಸಿಲು ಎಡ ಹಿಂಬದಿಯಿಂದ ಬೀಳುತ್ತದೆ. ಸಂಜೆ ಈಶಾನ್ಯಕ್ಕೆ ಮುಖ ಮಾಡಿ ವಾಪಸಾಗುವಾಗ ಪಶ್ಚಿಮದ ಬಿಸಿಲೂ ಎಡ ಹಿಂಬದಿಗೇ. ಹಾಗಾಗಿ ಬೆಳಿಗ್ಗೆ ಹೋಗಿ ಸಂಜೆ ಬರುವ ದಿನ ತಾಯಿ ಎರಡೂ ಸಲ ಡ್ರೈವರ್ ಹಿಂದಿನ ಬಲ ಸೀಟಿನಲ್ಲಿ ಕೂರಲಿ, ಎಡಭಾಗಕ್ಕೆ ಬೇರೆಯವರು ಕೂರಲಿ. ಒಪಿಡಿ ಬೇಗ ಮುಗಿದು ನಡುಹಗಲಿಗೇ ಹಿಂದಿರುಗಿದರೆ ಲೆಕ್ಕ ಬದಲಾಗುತ್ತದೆ. ಸೆಪ್ಟೆಂಬರ್‌ನಿಂದ ಏಪ್ರಿಲ್ ಮೊದಲ ಭಾಗದವರೆಗೆ ನಡುಹಗಲ ಸೂರ್ಯ ದಕ್ಷಿಣಕ್ಕಿರುವುದರಿಂದ ಬಿಸಿಲು ಬಲ ಹಿಂಬದಿಗೆ ಬರುತ್ತದೆ, ಆಗ ಎಡ ಸೀಟು ವಾಸಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನಮ್ಮ ನೆತ್ತಿಯಿಂದ ತುಸು ಉತ್ತರಕ್ಕೆ ವಾಲಿರುತ್ತಾನೆ, ಚಾವಣಿಯೇ ನೆರಳು ಕೊಡುತ್ತದೆ. ನೇರ ಬಿಸಿಲು ತಪ್ಪಿದರೂ ಆಕಾಶದಿಂದ ಚದುರಿ ಬರುವ ಯುವಿ ಇದ್ದೇ ಇರುತ್ತದೆ, ಶಾಲು ಬಿಡಬೇಡಿ. ಲೂಪಸ್‌ನ ಚರ್ಮ ಕೆಲವೊಮ್ಮೆ ಒಂದೆರಡು ವಾರ ತಡವಾಗಿ ಕೆರಳುವುದೂ ಉಂಟು, ಒಂದು ಪ್ರಯಾಣದ ಮಾರನೆಯ ದಿನ ಏನೂ ಆಗಲಿಲ್ಲವೆಂದು ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ.

ಡಾಕ್ಟರ ಬಳಿ ಮುಂದಿನ ಸಲ ಹೋದಾಗ ಚೀಟಿಯಲ್ಲಿ ‘ಬಿಸಿಲು ಬೀಳಬಾರದು’ ಎಂಬುದರ ಬದಲು ಯಾವ ಕಿರಣಕ್ಕೆ ತೊಂದರೆ ಎಂದು ಬರೆಸಿ: ಯುವಿಬಿ, ಯುವಿಎ, ಅಥವಾ ಕಾಣುವ ಬೆಳಕೂ ಸೇರಿ. ಎಲ್ಲ ಕಾಯಿಲೆಗೂ ಒಂದೇ ಉಪಾಯ ನಡೆಯುವುದಿಲ್ಲ. ಪೋರ್ಫಿರಿಯಾ ಇರುವವರ ಚರ್ಮ 400ರಿಂದ 410 ನ್ಯಾನೊಮೀಟರಿನ ಕಾಣುವ ನೇರಳೆ ಬೆಳಕಿಗೇ ಸುಡುತ್ತದೆ, ಪಾರದರ್ಶಕ ಯುವಿ ಫಿಲ್ಮ್ ಅವರಿಗೆ ಉಪಯೋಗಕ್ಕೆ ಬಾರದು. ಅವರಿಗೆ ಬಟ್ಟೆ, ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಮಾತ್ರ. ಮೈಗ್ರೇನಿನಿಂದ ಬೆಳಕು ಸಹಿಸದವರಿಗೆ ಎಫ್‌ಎಲ್-41 ಎಂಬ ಗುಲಾಬಿ ಛಾಯೆಯ ಕನ್ನಡಕವಿದೆ. ತಾಯಿ ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತೋರಿಸಿ. ಬಿಪಿಯ ಹೈಡ್ರೋಕ್ಲೋರೋಥಯಝೈಡ್, ಡಾಕ್ಸಿಸೈಕ್ಲಿನ್, ಹೃದಯದ ಅಮಿಯೋಡರೋನ್ ಮುಂತಾದವು ತಾವೇ ಬಿಸಿಲಿನ ಅಲರ್ಜಿ ತರುತ್ತವೆ. ಆದರೆ ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಉಳಿದದ್ದು ಈಗಿರುವ ಕಪ್ಪು ಫಿಲ್ಮ್ ಕೀಳುವ ಕೆಲಸ. ಕಾರನ್ನು ಒಂದು ಗಂಟೆ ಬಿಸಿಲಿಗೆ ನಿಲ್ಲಿಸಿ, ಅಥವಾ ಹೇರ್ ಡ್ರೈಯರಿನಿಂದ ಮೂಲೆಯನ್ನು ಬಿಸಿ ಮಾಡಿ. ಮೂಲೆ ಎಬ್ಬಿಸಿ, ನಿಧಾನವಾಗಿ ಗಾಜಿಗೆ 45 ಡಿಗ್ರಿ ಓರೆಯಲ್ಲಿ ಎಳೆಯಿರಿ. ಸರಕ್ಕನೆ ಎಳೆದರೆ ಫಿಲ್ಮ್ ಬಂದು ಅಂಟು ಗಾಜಿನಲ್ಲೇ ಉಳಿಯುತ್ತದೆ. ಉಳಿದ ಅಂಟಿಗೆ ಸೋಪು ನೀರು ಸಿಂಪಡಿಸಿ ಹತ್ತು ನಿಮಿಷ ಬಿಟ್ಟು ಪ್ಲಾಸ್ಟಿಕ್ ಬ್ಲೇಡಿನಿಂದ ಕೆರೆಯಿರಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಹಿಂದಿನ ಗಾಜಿನಲ್ಲಿ ಡಿಫಾಗರ್‌ನ ತೆಳು ಗೆರೆಗಳಿರುವುದರಿಂದ ಅಲ್ಲಿ ಯಾವ ಬ್ಲೇಡೂ ಬೇಡ. ಒದ್ದೆ ಬಟ್ಟೆ ಹೊದಿಸಿ ಅಂಟು ಮೆತ್ತಗಾದ ಮೇಲೆ ಗೆರೆಯ ಉದ್ದಕ್ಕೇ ಒರೆಸಿ, ಅಡ್ಡಡ್ಡ ಉಜ್ಜಬೇಡಿ. ಒಂದು ಗೆರೆ ಕಡಿದರೂ ಮಳೆಗಾಲದಲ್ಲಿ ಆ ಪಟ್ಟಿಯಷ್ಟು ಮಂಜು ಕರಗುವುದಿಲ್ಲ.